‘ವೆನ್ಸ್’ ಎಂಬ ಇಂಗ್ಲಿಷ್ ಅವ್ಯಯ: ಅರ್ಥ ಮತ್ತು ಪ್ರಯೋಗ

ಕೆಲವು ವರ್ಷಗಳ ಹಿಂದೆ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನು ತಾನು ಬರೆದ ಇಂಗ್ಲಿಷ್ ಪ್ರಬಂಧವನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದನು. ಅವನು ‘ಫ್ರಮ್ ವೆನ್ಸ್’ ಎಂದು ಬರೆದಿದ್ದ ಕಡೆ ಪರೀಕ್ಷಕರು ‘ಫ್ರಮ್’ ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಅಂಚಿನಲ್ಲಿ ‘ಅಶುದ್ಧ’ ಎಂದು ಗುರುತಿಟ್ಟು, ಅಂಕವನ್ನೂ ಕಳೆದಿದ್ದರು. ಹುಡುಗನ ಇನ್ನೊಂದು ಕೈಯಲ್ಲಿ ಷೇಕ್ಸ್‌ಪಿಯರನ ಸಾನೆಟ್ಟುಗಳ ಪುಸ್ತಕವಿತ್ತು. ಅದರ 48ನೆಯ ಸಾನೆಟ್ಟಿನಲ್ಲಿ ಅದೇ ‘ಫ್ರಮ್ ವೆನ್ಸ್’ ಅಚ್ಚಾಗಿತ್ತು. “ಷೇಕ್ಸ್‌ಪಿಯರನಿಗೆ ಸರಿಯಾದದ್ದು ನನಗೆ ಮಾತ್ರ ಹೇಗೆ ತಪ್ಪು, ಸಾರ್?” ಎಂದು ಅವನು ಕೇಳಿದನು. ‘ಅದು ಹಳೆಯ ಕಾಲದ ಪ್ರಯೋಗ’ ಎಂದು ಹೇಳಿ ನಾವು ಅವನನ್ನು ಕಳುಹಿಸಿಕೊಟ್ಟೆವು. ಆದರೆ ಅದು ಉತ್ತರವಲ್ಲ, ಉತ್ತರದಿಂದ ತಪ್ಪಿಸಿಕೊಳ್ಳುವ ದಾರಿ. ಏಕೆಂದರೆ ‘ವೆನ್ಸ್’ ಎಂಬ ಪದವೇ ಹಳೆಯ ಕಾಲದ್ದು. ಹಳತೆಂಬುದೇ ದೋಷವಾದರೆ ‘ಫ್ರಮ್’ ಇದ್ದರೂ ದೋಷ, ಇಲ್ಲದಿದ್ದರೂ ದೋಷ.

ಆ ವಿದ್ಯಾರ್ಥಿಗೆ ಅಂದು ಸಲ್ಲಬೇಕಾಗಿದ್ದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸಿದ್ದೇವೆ. ‘ವೆನ್ಸ್’ ಪದದ ಅರ್ಥವೇನು, ಅದರ ಹಿಂದೆ ‘ಫ್ರಮ್’ ಹೇಗೆ ಬಂದು ಸೇರಿತು, ಅಧ್ಯಾಪಕರು ಯಾವುದನ್ನು ತಪ್ಪೆಂದು ಎಣಿಸಬೇಕು, ಯಾವುದನ್ನು ಎಣಿಸಬಾರದು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿವೇಚಿಸೋಣ.

1. ಒಂಬತ್ತು ಪದಗಳ ಕುಟುಂಬ

ಯಾವುದೇ ಸ್ಥಳದ ವಿಷಯದಲ್ಲಿ ಮೂರು ಪ್ರಶ್ನೆಗಳನ್ನು ಕೇಳಬಹುದು: ವಸ್ತು ಇರುವುದು ಎಲ್ಲಿ, ಬಂದುದು ಎಲ್ಲಿಂದ, ಹೋಗುವುದು ಎಲ್ಲಿಗೆ. ಈ ಮೂರಕ್ಕೂ ಇಂಗ್ಲಿಷಿನಲ್ಲಿ ಬೇರೆಬೇರೆ ಪದಗಳಿದ್ದವು: ‘ವೇರ್’, ‘ವೆನ್ಸ್’, ‘ವಿದರ್’. ದೂರದ ಸ್ಥಳವನ್ನು ತೋರಿಸಲು ‘ದೇರ್’, ‘ದೆನ್ಸ್’, ‘ದಿದರ್’ ಎಂಬುವೂ, ಹತ್ತಿರದ ಸ್ಥಳಕ್ಕೆ ‘ಹಿಯರ್’, ‘ಹೆನ್ಸ್’, ‘ಹಿದರ್’ ಎಂಬುವೂ ಇದ್ದವು. ಒಟ್ಟು ಒಂಬತ್ತು ಪದಗಳು. ಮೂರು ಸಾಲು, ಮೂರು ಕಂಬ.

ಕನ್ನಡಿಗರಿಗೆ ಈ ಪಟ್ಟಿ ಅಪರಿಚಿತವಲ್ಲ. ಎಲ್ಲಿ, ಎಲ್ಲಿಂದ, ಎಲ್ಲಿಗೆ. ಅಲ್ಲಿ, ಅಲ್ಲಿಂದ, ಅಲ್ಲಿಗೆ. ಇಲ್ಲಿ, ಇಲ್ಲಿಂದ, ಇಲ್ಲಿಗೆ ಎಂಬ ನಮ್ಮ ಒಂಬತ್ತು ರೂಪಗಳು ಅದರ ಪಕ್ಕದಲ್ಲಿ ಸರಿಯಾಗಿ ನಿಲ್ಲುತ್ತವೆ. ನಮ್ಮಲ್ಲಿ ಎ, ಅ, ಇ ಎಂಬ ಆದ್ಯಕ್ಷರಗಳು ಪ್ರಶ್ನೆ, ದೂರ, ಸಾಮೀಪ್ಯಗಳನ್ನು ಸೂಚಿಸುವಂತೆ, ಅಲ್ಲಿ ಪದದ ಮೊದಲ ವ್ಯಂಜನಗಳು ಅದೇ ಕೆಲಸವನ್ನು ಮಾಡುತ್ತವೆ. ಆದರೆ ಮುಖ್ಯವಾದ ಒಂದು ಭೇದವುಂಟು. ಕನ್ನಡದಲ್ಲಿ ‘ಇಂದ’ ಎಂಬ ಪ್ರತ್ಯಯ ಸ್ಪಷ್ಟವಾಗಿ ಕೇಳಿಸುತ್ತದೆ. ‘ಮನೆಯಿಂದ’, ‘ಊರಿನಿಂದ’, ‘ಎಲ್ಲಿಂದ’ ಎಂಬುವುಗಳಲ್ಲಿ ಒಂದೇ ಪ್ರತ್ಯಯವಿರುವುದು ಮಗುವಿಗೂ ಗೊತ್ತು. ಇಂಗ್ಲಿಷಿನ ‘ವೆನ್ಸ್’ ಪದದಲ್ಲಿ ‘ಇಂದ’ ಎಂಬ ಅರ್ಥವಿದ್ದರೂ ಆ ಅರ್ಥವನ್ನು ಹೊತ್ತಿರುವ ಭಾಗ ಯಾವುದೆಂದು ಇಂದಿನ ಇಂಗ್ಲಿಷರ ಕಿವಿಗೆ ತಿಳಿಯುವುದಿಲ್ಲ. ಮುಂದಿನ ವಿವಾದಕ್ಕೆಲ್ಲ ಬೀಜ ಇಲ್ಲಿದೆ.

ಪ್ರಾಚೀನ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಹ್ವನೊನ್’ ಎಂದಿತ್ತು. ಅದರ ಜೊತೆಗಾರರು ‘ಥನೊನ್’ ಮತ್ತು ‘ಹೆಯೊನನ್’. ಮೂರರ ಕೊನೆಯಲ್ಲಿಯೂ ಕೇಳಿಬರುವ ನಕಾರವೇ ‘ಅಲ್ಲಿಂದ ಹೊರಟು’ ಎಂಬ ಅರ್ಥದ ಗುರುತು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಈ ಅಂತ್ಯಗಳು ಸವೆದವು. ಸವೆದ ರೂಪಕ್ಕೆ ಸಕಾರವೊಂದು ಬಂದು ಸೇರಿ ‘ಹ್ವೆನ್ನೆಸ್’ ಎಂಬಂತಹ ರೂಪವಾಯಿತು. ಈ ಸಕಾರ ಪಂಚಮಿಯದಲ್ಲ, ಷಷ್ಠಿಯದು. ನಾಮಪದದ ಷಷ್ಠೀ ರೂಪವನ್ನು ಕ್ರಿಯಾವಿಶೇಷಣವಾಗಿ ಬಳಸುವ ಪದ್ಧತಿ ಆ ಭಾಷೆಯಲ್ಲಿ ಹಳೆಯದು. ‘ವನ್ಸ್’, ‘ಟ್ವೈಸ್’, ‘ಆಲ್ವೇಸ್’ ಎಂಬ ಪದಗಳ ಕೊನೆಯ ಸಕಾರವೂ ಇದೇ. ಮುಂದೆ ಎರಡು ಅಕ್ಷರಗಳು ಕೂಡಿ ಒಂದೇ ಅಕ್ಷರವಾದಾಗ, ಸಕಾರವನ್ನು ಝಕಾರದಂತೆ ಉಚ್ಚರಿಸಬಾರದೆಂಬ ಸೂಚನೆಗಾಗಿ ಬರೆಹದಲ್ಲಿ ‘ಸಿ’, ‘ಇ’ ಎಂಬ ಅಕ್ಷರಗಳನ್ನು ಹಾಕತೊಡಗಿದರು. ಹೀಗೆ ಪದದ ಮೂಲ ಗುರುತು ಮರೆಯಾಯಿತು. ಅರ್ಥ ಮಾತ್ರ ಉಳಿಯಿತು.

‘ವೆನ್’ ಎಂಬ ಕಾಲವಾಚಕಕ್ಕೂ ‘ವೆನ್ಸ್’ ಪದಕ್ಕೂ ಧ್ವನಿಸಾಮ್ಯವಿರುವುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಎರಡನೆಯದನ್ನು ‘ಯಾವಾಗ’ ಅಥವಾ ‘ಯಾವಾಗಿನಿಂದ’ ಎಂದು ಅರ್ಥೈಸುತ್ತಾರೆ. ಎರಡೂ ಒಂದೇ ಪ್ರಶ್ನಾರ್ಥಕ ಮೂಲದಿಂದ ಹುಟ್ಟಿದ ಸೋದರರೆಂಬುದು ನಿಜ. ಆದರೆ ‘ವೆನ್’ಗೆ ಸಕಾರ ಸೇರಿ ‘ವೆನ್ಸ್’ ಆದುದಲ್ಲ, ಅದು ಕಾಲವಾಚಕವೂ ಅಲ್ಲ. ಇದನ್ನು ತರಗತಿಯಲ್ಲಿ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

2. ಅರ್ಥದ ನಾಲ್ಕು ಮುಖಗಳು

‘ವೆನ್ಸ್’ ಎಂದರೆ ‘ಎಲ್ಲಿಂದ’ ಎಂದು ನಿಘಂಟು ಹೇಳುತ್ತದೆ. ಅದು ಸರಿ, ಆದರೆ ಸಾಲದು. ಪಂಚಮಿಯ ಅರ್ಥ ಎಲ್ಲೆಡೆಯೂ ಒಂದೇ ಅಲ್ಲವೆಂಬುದನ್ನು ನಮ್ಮ ದೇಶದ ವೈಯಾಕರಣರು ಬಹು ಹಿಂದೆಯೇ ಕಂಡಿದ್ದರು. ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಪಾಣಿನಿಯು ಅಪಾದಾನವನ್ನು ಒಂದೇ ಸೂತ್ರದಲ್ಲಿ ಹೇಳಿ ಮುಗಿಸುವುದಿಲ್ಲ. ಅಗಲಿಕೆಯಲ್ಲಿ ಸ್ಥಿರವಾಗಿ ನಿಲ್ಲುವುದು ಅಪಾದಾನವೆಂದು 24ನೆಯ ಸೂತ್ರ; ಹುಟ್ಟುವ ವಸ್ತುವಿನ ಪ್ರಕೃತಿಯೂ ಅಪಾದಾನವೆಂದು 30ನೆಯ ಸೂತ್ರ; ತೋರಿಬರುವ ವಸ್ತುವಿನ ಉಗಮಸ್ಥಾನವೂ ಅಪಾದಾನವೆಂದು 31ನೆಯ ಸೂತ್ರ. ಹಿಮವಂತನಿಂದ ಗಂಗೆ ಹುಟ್ಟುತ್ತಾಳೆಂಬುದು ಕೊನೆಯದಕ್ಕೆ ಸಾಂಪ್ರದಾಯಿಕ ಉದಾಹರಣೆ. ಮರದಿಂದ ಎಲೆ ಬೀಳುವುದೂ ಹಿಮವಂತನಿಂದ ಗಂಗೆ ಬರುವುದೂ ಒಂದೇ ವಿಭಕ್ತಿಯಲ್ಲಿ ನಿಂತರೂ ಒಂದೇ ಬಗೆಯ ವ್ಯಾಪಾರಗಳಲ್ಲ. ಈ ವಿವೇಕವನ್ನು ‘ವೆನ್ಸ್’ ಪದಕ್ಕೂ ಅನ್ವಯಿಸಿದರೆ ಅದರ ಅರ್ಥದಲ್ಲಿ ನಾಲ್ಕು ಮುಖಗಳು ಕಾಣುತ್ತವೆ.

ಮೊದಲನೆಯದು ಹೊರಟ ಸ್ಥಳ. ಒಬ್ಬ ಪಯಣಿಗನನ್ನು ‘ವೆನ್ಸ್’ ಎಂದು ಕೇಳಿದರೆ ಅವನು ಈಗ ಯಾವ ಸ್ಥಳದಿಂದ ಹೊರಟು ಬಂದನೆಂಬುದು ಪ್ರಶ್ನೆ. 1611ರ ಇಂಗ್ಲಿಷ್ ಬೈಬಲಿನ ಆದಿಕಾಂಡದ 16ನೆಯ ಅಧ್ಯಾಯದಲ್ಲಿ, ಅಡವಿಯಲ್ಲಿ ಸಿಕ್ಕ ಹಾಗರಳನ್ನು ದೇವದೂತನು ‘ವೆನ್ಸ್’ ಮತ್ತು ‘ವಿದರ್’ ಎಂಬ ಎರಡು ಪದಗಳಿಂದ ಎಲ್ಲಿಂದ ಬಂದೆ, ಎಲ್ಲಿಗೆ ಹೋಗುವೆ ಎಂದು ಕೇಳುತ್ತಾನೆ. ಕನ್ನಡದಲ್ಲಿ ‘ಎಲ್ಲಿಂದ’ ಎಂಬುದು ಇಲ್ಲಿ ಸರಿಯಾಗಿ ಹೊಂದುತ್ತದೆ.

ಎರಡನೆಯದು ಹುಟ್ಟಿನ ನೆಲೆ. ‘ಬಾ’ ಎಂಬ ಧಾತುವಿಲ್ಲದೆ ‘ಇರು’ ಎಂಬರ್ಥದ ಧಾತುವಿನೊಡನೆ ‘ವೆನ್ಸ್’ ಬಂದಾಗ ಪ್ರಶ್ನೆ ಪಯಣವನ್ನು ಕುರಿತದ್ದಲ್ಲ, ಮೂಲವನ್ನು ಕುರಿತದ್ದು. ಅದೇ ಬೈಬಲಿನ ಯೋಹಾನನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಪಿಲಾತನು ಯೇಸುವನ್ನು ಕೇಳುವ ಪ್ರಶ್ನೆ ಈ ಬಗೆಯದು. ಬಂಧಿತನು ಯಾವ ಬೀದಿಯಿಂದ ಬಂದನೆಂಬುದು ಅಧಿಪತಿಗೆ ಬೇಕಿಲ್ಲ. ಇವನು ಎಲ್ಲಿಯವನೆಂಬುದು ಬೇಕು. ಇಲ್ಲಿ ‘ಎಲ್ಲಿಂದ’ ಎಂದು ಭಾಷಾಂತರಿಸಿದರೆ ಅರ್ಥ ಕುಗ್ಗುತ್ತದೆ. ಮೂಲವನ್ನು ಕೇಳುವಾಗ ಕನ್ನಡ ಪಂಚಮಿಯನ್ನು ಬಿಟ್ಟು ಷಷ್ಠಿಯನ್ನು ಹಿಡಿಯುತ್ತದೆ: ‘ನೀವು ಎಲ್ಲಿಯವರು?’, ‘ಯಾವ ಊರಿನವರು?’ ನಮ್ಮ ಹಳೆಯ ಮಾತಿನ ‘ಎತ್ತಣ’ ಎಂಬುದೂ ಹಾಗೆಯೇ. ಬಸ್ಸಿನಿಂದ ಇಳಿದವರನ್ನು ‘ಎಲ್ಲಿಂದ ಬಂದಿರಿ?’ ಎಂದರೆ ಅವರು ಬೆಳಿಗ್ಗೆ ಹೊರಟ ಊರನ್ನು ಹೇಳುತ್ತಾರೆ, ‘ಯಾವ ಊರಾಯಿತು?’ ಎಂದರೆ ಹಿರಿಯರ ಊರನ್ನು ಹೇಳುತ್ತಾರೆ. ಇಂಗ್ಲಿಷು ಈ ಭೇದವನ್ನು ಪದದಿಂದ ತೋರಿಸದೆ ಕ್ರಿಯಾರೂಪದಿಂದ ತೋರಿಸುತ್ತದೆ. ‘ವೇರ್ ಡು ಯು ಕಮ್ ಫ್ರಮ್’ ಎಂಬುದು ಮೂಲದ ಪ್ರಶ್ನೆ. ‘ವೇರ್ ಆರ್ ಯು ಕಮಿಂಗ್ ಫ್ರಮ್’ ಎಂಬುದು ಸಾಮಾನ್ಯವಾಗಿ ಪಯಣದ ಪ್ರಶ್ನೆ. ಎರಡನ್ನೂ ‘ಎಲ್ಲಿಂದ ಬರುತ್ತೀರಿ’ ಎಂದೇ ಕಲಿತ ವಿದ್ಯಾರ್ಥಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸುವುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ಆಕರ. ಸ್ಥಳವಲ್ಲದ ಮೂಲವನ್ನೂ ‘ವೆನ್ಸ್’ ಕೇಳಬಲ್ಲದು: ಈ ಧೈರ್ಯ ಎಲ್ಲಿಂದ ಬಂತು, ಈ ದುಃಖಕ್ಕೆ ಮೂಲವೇನು ಎಂಬಲ್ಲಿ. ಇಲ್ಲಿ ಭಾಷಾಂತರಕಾರರು ಎಚ್ಚರವಹಿಸಬೇಕು. ಹೊಸಗನ್ನಡದ ‘ಇಂದ’ ಎಂಬುದು ತೃತೀಯೆಗೂ ಪಂಚಮಿಗೂ ಸಮಾನ. ಕೊಡಲಿಯಿಂದ ಕಡಿದನು, ಮರದಿಂದ ಬಿದ್ದನು. ಹಳಗನ್ನಡದಲ್ಲಿ ‘ಅತ್ತಣಿಂ’ ಎಂಬ ಬೇರೆ ಪಂಚಮೀ ಪ್ರತ್ಯಯವಿದ್ದುದು ಶಬ್ದಮಣಿದರ್ಪಣವನ್ನು ಓದಿದವರಿಗೆ ತಿಳಿದ ವಿಷಯ. ಈಗ ಅದು ಬಳಕೆಯಲ್ಲಿಲ್ಲವಾದುದರಿಂದ ‘ಯಾವುದರಿಂದ’ ಎಂದರೆ ಮೂಲವೋ ಸಾಧನವೋ ಎಂಬ ಸಂದೇಹ ಹುಟ್ಟುತ್ತದೆ. ‘ವೆನ್ಸ್’ ಎಂದಿಗೂ ಸಾಧನವನ್ನು ಕೇಳುವುದಿಲ್ಲ. ಸಂದೇಹಕ್ಕೆ ಎಡೆಯಿದ್ದಲ್ಲಿ ‘ಯಾವ ಮೂಲದಿಂದ’ ಎಂದು ಬಿಡಿಸಿ ಬರೆಯುವುದೇ ಲೇಸು.

ನಾಲ್ಕನೆಯದು ಹೇತು. ಒಂದು ಮಾತಿನಿಂದ ಇನ್ನೊಂದು ಮಾತು ಹೊರಡುವುದನ್ನು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೊರಡುವುದರಂತೆ ಭಾವಿಸುವುದು ಅನೇಕ ಭಾಷೆಗಳ ಸ್ವಭಾವ. ಗಣಿತಗ್ರಂಥಗಳಲ್ಲಿ ಸಮೀಕರಣವೊಂದಾದ ಮೇಲೆ ಬರುವ ‘ವೆನ್ಸ್’ ಪದಕ್ಕೆ ‘ಇದರಿಂದ ಇಂತಾಗುತ್ತದೆ’ ಎಂದರ್ಥ. ‘ಹೆನ್ಸ್’ ಎಂಬುದಂತೂ ‘ಇಲ್ಲಿಂದ’ ಎಂಬ ತನ್ನ ಮೊದಲ ಅರ್ಥವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ‘ಆದುದರಿಂದ’ ಎಂಬರ್ಥದಲ್ಲಿಯೇ ಇಂದು ಬದುಕಿದೆ. ನಮ್ಮ ‘ಆದುದರಿಂದ’ ಎಂಬ ಪದವನ್ನೇ ಬಿಡಿಸಿ ನೋಡಿದರೆ ಅಲ್ಲಿಯೂ ಅದೇ ‘ಇಂದ’ ಇದೆ. ಸಂಸ್ಕೃತದಲ್ಲಿ ಈ ಸಾಮ್ಯ ಇನ್ನೂ ನಿಚ್ಚಳ. ಅಷ್ಟಾಧ್ಯಾಯಿಯ 5ನೆಯ ಅಧ್ಯಾಯದ 3ನೆಯ ಪಾದದ 7ನೆಯ ಸೂತ್ರ ವಿಧಿಸುವ ಪಂಚಮ್ಯರ್ಥದ ಪ್ರತ್ಯಯದಿಂದ ಕುತಃ, ತತಃ, ಯತಃ, ಇತಃ, ಅತಃ ಎಂಬ ರೂಪಗಳು ಸಿದ್ಧಿಸುತ್ತವೆ. ಬ್ರಹ್ಮಸೂತ್ರಗಳಲ್ಲಿ ಮೊದಲನೆಯ ಸೂತ್ರದ ‘ಅತಃ’ ಎಂಬುದಕ್ಕೆ ‘ಆದುದರಿಂದ’ ಎಂದು ಹೇತ್ವರ್ಥ; ಎರಡನೆಯ ಸೂತ್ರದ ಕೊನೆಯ ‘ಯತಃ’ ಎಂಬುದಕ್ಕೆ ‘ಯಾವ ಮೂಲದಿಂದ’ ಎಂದು ಉತ್ಪತ್ತ್ಯರ್ಥ. ಒಂದೇ ಪ್ರತ್ಯಯ ಒಂದು ಕಡೆ ‘ಹೆನ್ಸ್’, ಇನ್ನೊಂದು ಕಡೆ ‘ವೆನ್ಸ್’ ಆಗಿ ನಿಂತಂತಾಯಿತು.

3. ‘ಫ್ರಮ್’ ಬಂದ ಬಗೆ

ಇನ್ನು ವಿವಾದದ ವಿಷಯ. ‘ವೆನ್ಸ್’ ಪದದಲ್ಲಿಯೇ ‘ಇಂದ’ ಇದೆಯಾದರೆ, ಅದಕ್ಕೆ ಮತ್ತೆ ‘ಇಂದ’ ಎಂಬರ್ಥದ ‘ಫ್ರಮ್’ ಸೇರಿಸುವುದು ಪುನರುಕ್ತಿಯಲ್ಲವೆ? ತರ್ಕದೃಷ್ಟಿಯಿಂದ ಪುನರುಕ್ತಿಯೇ ಸರಿ. ಆದರೆ ಈ ಪುನರುಕ್ತಿ ಅಜ್ಞಾನಿಗಳಿಂದ ನಿನ್ನೆ ಮೊನ್ನೆ ಹುಟ್ಟಿದುದಲ್ಲ. 14ನೆಯ ಶತಮಾನದಿಂದಲೂ ಅದು ಬರೆಹದಲ್ಲಿ ಕಾಣುತ್ತದೆ. ಷೇಕ್ಸ್‌ಪಿಯರನಲ್ಲಿ ಎರಡು ಬಗೆಯ ಪ್ರಯೋಗಗಳೂ ಉಂಟು. 1611ರ ಬೈಬಲಿನಲ್ಲಿಯೂ ಎರಡೂ ಉಂಟು. ‘ಫ್ರಮ್ ಹೆನ್ಸ್’, ‘ಫ್ರಮ್ ದೆನ್ಸ್’ ಎಂಬುವು ಕೂಡ ಆ ಗ್ರಂಥದಲ್ಲಿ ಸಿಗುತ್ತವೆ.

ಕಾರಣವನ್ನು ಆಗಲೇ ಸೂಚಿಸಿದ್ದೇವೆ. ಪ್ರಾಚೀನ ಇಂಗ್ಲಿಷು ಪದಾಂತ್ಯದ ವಿಭಕ್ತಿಗಳನ್ನು ಅವಲಂಬಿಸಿದ್ದ ಭಾಷೆ. ಆ ಅಂತ್ಯಗಳು ಸವೆದಂತೆಲ್ಲ ಅವುಗಳ ಕೆಲಸವನ್ನು ಪದದ ಹಿಂದೆ ನಿಲ್ಲುವ ಅವ್ಯಯಗಳು ವಹಿಸಿಕೊಂಡವು. ಯಾವ ನಾಮಪದಕ್ಕಾದರೂ ‘ಇಂದ’ ಎಂಬರ್ಥ ಬೇಕಾದರೆ ‘ಫ್ರಮ್’ ಹಾಕಬೇಕೆಂಬುದು ಮಾತನಾಡುವವರಿಗೆ ರೂಢಿಯಾಯಿತು. ಹೊಸ ವ್ಯವಸ್ಥೆಯ ನಡುವೆ ಹಳೆಯ ವ್ಯವಸ್ಥೆಯ ಪಳೆಯುಳಿಕೆಯಂತೆ ನಿಂತ ‘ವೆನ್ಸ್’ ಪದದೊಳಗಿನ ಪಂಚಮಿ ಅವರ ಕಿವಿಗೆ ಕೇಳಿಸದಿದ್ದುದರಿಂದ, ಅದಕ್ಕೂ ‘ಫ್ರಮ್’ ಹಚ್ಚಿದರು. ಕಡೆಗೆ ‘ವೇರ್’ ಎಂಬ ಒಂದೇ ಪದ ಮೂರರ ಭಾರವನ್ನೂ ಹೊತ್ತಿತು. ‘ವಿದರ್’ ಪದದ ಸ್ಥಾನದಲ್ಲಿ ಬರಿಯ ‘ವೇರ್’, ‘ವೆನ್ಸ್’ ಪದದ ಸ್ಥಾನದಲ್ಲಿ ‘ಫ್ರಮ್’ ಸಹಿತವಾದ ‘ವೇರ್’ ನೆಲೆಗೊಂಡವು. ಆದುದರಿಂದ ‘ಫ್ರಮ್ ವೆನ್ಸ್’ ಎಂಬುದು ಹಳೆಯ ವ್ಯವಸ್ಥೆಗೂ ಹೊಸ ವ್ಯವಸ್ಥೆಗೂ ನಡುವಣ ಹೊಸ್ತಿಲು.

ಇದು ಪರಭಾಷೆಯ ವಿಚಿತ್ರವೆಂದು ನಾವು ನಗುವಂತಿಲ್ಲ. ‘ಮೂಲತಃ’, ‘ಸ್ವತಃ’ ಎಂಬ ಪದಗಳ ಕೊನೆಯ ‘ತಃ’ ಎಂಬುದೇ ‘ಮೂಲದಿಂದ’, ‘ತನ್ನಿಂದ’ ಎಂಬರ್ಥವನ್ನು ಕೊಟ್ಟು ಪದವನ್ನು ಅವ್ಯಯವನ್ನಾಗಿಸುತ್ತದೆ. ಆದರೂ ‘ಮೂಲತಃವಾಗಿ’, ‘ಸ್ವತಃವಾಗಿ’ ಎಂದು ಬರೆಯುವವರನ್ನು ನಾವು ನೋಡುತ್ತೇವೆ. ಸಂಸ್ಕೃತ ಪ್ರತ್ಯಯ ಕಿವಿಗೆ ಕೇಳಿಸದೆ ಹೋದಾಗ ಕನ್ನಡದ ಮನಸ್ಸು ತನ್ನದೇ ಆದ ‘ಆಗಿ’ ಎಂಬುದನ್ನು ಸೇರಿಸಿ ಸಮಾಧಾನಪಡುತ್ತದೆ. ‘ನಡುಮಧ್ಯ’ ಎಂಬಲ್ಲಿಯೂ ಇದೇ ಮನೋಧರ್ಮ. ಇವುಗಳಲ್ಲಿ ‘ನಡುಮಧ್ಯ’ವನ್ನು ರೂಢಿ ಒಪ್ಪಿಕೊಂಡಿದೆ, ‘ಮೂಲತಃವಾಗಿ’ ಎಂಬುದನ್ನು ಒಪ್ಪಿಲ್ಲ. ಎರಡರ ನಡುವೆ ಭೇದವನ್ನು ಮಾಡಿದುದು ತರ್ಕವಲ್ಲ, ಶಿಷ್ಟರ ಬಳಕೆ.

ಇಂಗ್ಲಿಷ್ ವೈಯಾಕರಣರಲ್ಲಿಯೂ ಈ ವಿಷಯದಲ್ಲಿ ಒಮ್ಮತವಿರಲಿಲ್ಲ. 1755ರಲ್ಲಿ ಪ್ರಕಟವಾದ ತನ್ನ ನಿಘಂಟಿನಲ್ಲಿ ಸ್ಯಾಮ್ಯುಅಲ್ ಜಾನ್ಸನನು ‘ಫ್ರಮ್ ವೆನ್ಸ್’ ಎಂಬುದನ್ನು ದುಷ್ಟ ಪ್ರಯೋಗವೆಂದು ಖಂಡಿಸಿದನು. 1795ರ ತನ್ನ ವ್ಯಾಕರಣದಲ್ಲಿ ಲಿಂಡ್ಲಿ ಮರೆ ಹೆಚ್ಚು ವಿವೇಕದಿಂದ ನಡೆದುಕೊಂಡನು. ಈ ಪದಗಳಲ್ಲಿ ಉಪಸರ್ಗದ ಅರ್ಥ ಅಡಗಿರುವುದರಿಂದ ‘ಫ್ರಮ್’ ಅನಾವಶ್ಯಕವೆಂದು ಒಪ್ಪಿಕೊಂಡರೂ, ಜನ ಪದಮೂಲವನ್ನು ಗಮನಿಸುವುದಿಲ್ಲವಾಗಿ, ಅನೇಕ ಕಡೆ ಅದನ್ನು ಬಿಟ್ಟರೆ ಮಾತು ಬಿಗುವಾಗಿ ಕೇಳಿಸುವುದೆಂದು ಅವನು ಕೂಡಲೇ ಸೇರಿಸಿದನು. ನಮ್ಮ ತರಗತಿಗಳಿಗೆ ಬಂದುದು ಜಾನ್ಸನನ ಕಟ್ಟಳೆ. ಮರೆಯ ವಿವೇಕ ಬರಲಿಲ್ಲ.

4. ಅರ್ಥವನ್ನೇ ಬದಲಿಸುವ ಭೇದ

‘ಫ್ರಮ್’ ಇದೆಯೋ ಇಲ್ಲವೋ ಎಂಬುದಕ್ಕಿಂತ ಹೆಚ್ಚಿನ ಪ್ರಾಮುಖ್ಯವುಳ್ಳ ಪ್ರಶ್ನೆಯೊಂದುಂಟು. ‘ವೆನ್ಸ್’ ಪ್ರಶ್ನಾರ್ಥಕವೂ ಆಗಬಹುದು, ಹಿಂದೆ ಹೇಳಿದ ಸ್ಥಳವನ್ನು ಎತ್ತಿಕೊಳ್ಳುವ ಸಂಬಂಧಾರ್ಥಕವೂ ಆಗಬಹುದು. ವಾಕ್ಯದಲ್ಲಿ ಇವೆರಡರಲ್ಲಿ ಯಾವುದೆಂದು ನಿರ್ಣಯಿಸದಿದ್ದರೆ ಅರ್ಥವೇ ತಲೆಕೆಳಗಾಗುತ್ತದೆ.

ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಬೈಬಲಿನ 121ನೆಯ ಕೀರ್ತನೆಯ ಮೊದಲ ವಚನ. 1611ರ ಭಾಷಾಂತರದಲ್ಲಿ ಅದು ನಿರೂಪಣಾವಾಕ್ಯವಾಗಿ ಅಚ್ಚಾಗಿದೆ. ಆದುದರಿಂದ ಭಕ್ತನು ಬೆಟ್ಟಗಳತ್ತ ಕಣ್ಣೆತ್ತುತ್ತಾನೆ, ಅವನಿಗೆ ನೆರವು ಬರುವುದು ಆ ಬೆಟ್ಟಗಳಿಂದಲೇ ಎಂದು ಓದುಗರು ತಿಳಿಯಲು ಅವಕಾಶವಾಯಿತು. ಆದರೆ ಹೀಬ್ರೂ ಮೂಲದಲ್ಲಿರುವುದು ‘ಎಲ್ಲಿಂದ’ ಎಂಬ ಪ್ರಶ್ನಾರ್ಥಕ ಪದ. 1885ರ ಪರಿಷ್ಕೃತ ಭಾಷಾಂತರದಲ್ಲಿ ಅದೇ ‘ಫ್ರಮ್ ವೆನ್ಸ್’ ಉಳಿದರೂ ವಾಕ್ಯ ಪ್ರಶ್ನೆಯಾಯಿತು: ಬೆಟ್ಟಗಳತ್ತ ಕಣ್ಣೆತ್ತುತ್ತೇನೆ, ನನಗೆ ನೆರವು ಎಲ್ಲಿಂದ ಬಂದೀತು? ಎರಡನೆಯ ವಚನ ಅದಕ್ಕೆ ಉತ್ತರ: ಬೆಟ್ಟಗಳಿಂದಲ್ಲ, ಭೂಮ್ಯಾಕಾಶಗಳನ್ನು ನಿರ್ಮಿಸಿದವನಿಂದ. ಒಂದು ಓದಿನಲ್ಲಿ ಬೆಟ್ಟ ಆಶ್ರಯ. ಇನ್ನೊಂದರಲ್ಲಿ ಬೆಟ್ಟ ಕೇವಲ ಪ್ರಶ್ನೆಗೆ ನಿಮಿತ್ತ. ಇಷ್ಟು ದೊಡ್ಡ ಅಂತರಕ್ಕೆ ಕಾರಣ ಒಂದು ಅವ್ಯಯದ ಎರಡು ವೃತ್ತಿಗಳು. ‘ಫ್ರಮ್’ ಅಧಿಕವೆಂದು ಕೆಂಪು ಗೆರೆ ಎಳೆಯುವ ಅಧ್ಯಾಪಕನು ಈ ಅಂತರವನ್ನು ಬೋಧಿಸದೆ ಬಿಟ್ಟರೆ, ಸಿಪ್ಪೆಯನ್ನು ಕಾಯ್ದು ತಿರುಳನ್ನು ಕಳೆದುಕೊಂಡಂತೆ.

ಮೂರನೆಯ ವೃತ್ತಿಯೊಂದು ಉಂಟು. ಅದು ಇನ್ನೂ ಸೂಕ್ಷ್ಮ. ‘ಹಿ ರಿಟರ್ನ್ಡ್ ವೆನ್ಸ್ ಹಿ ಕೇಮ್’ ಎಂಬ ವಾಕ್ಯದಲ್ಲಿ ‘ವೆನ್ಸ್’ ಒಂದೇ ಪದವಾದರೂ ಎರಡು ಸ್ಥಾನಗಳನ್ನು ತುಂಬುತ್ತದೆ: ‘ಯಾವ ಸ್ಥಳದಿಂದ ಬಂದನೋ’ ಎಂಬುದು ಒಂದು, ‘ಆ ಸ್ಥಳಕ್ಕೆ’ ಎಂಬುದು ಇನ್ನೊಂದು. ಎರಡನೆಯದು ವಾಕ್ಯದಲ್ಲಿ ಉಕ್ತವಾಗಿಲ್ಲ, ಊಹ್ಯ. ಕನ್ನಡದಲ್ಲಿ ಅದನ್ನು ಬಾಯಿಬಿಟ್ಟು ಹೇಳಲೇಬೇಕು: ‘ಎಲ್ಲಿಂದ ಬಂದನೋ ಅಲ್ಲಿಗೇ ಹಿಂದಿರುಗಿದನು’. ‘ಬಂದಲ್ಲಿಂದ ಹಿಂದಿರುಗಿದನು’ ಎಂದು ಭಾಷಾಂತರಿಸಿದ ಉತ್ತರಗಳನ್ನು ನಾವು ಕಂಡಿದ್ದೇವೆ. ಅದು ಮೂಲಕ್ಕೆ ತೀರ ವಿರುದ್ಧವಾದ ಅರ್ಥ. ಇಂತಹ ವಾಕ್ಯಗಳಲ್ಲಿ ಮೊದಲು ಕನ್ನಡದ ಎರಡು ಪದಗಳನ್ನೂ ಬರೆಸಿ, ಅನಂತರ ಇಂಗ್ಲಿಷಿನ ಒಂದು ಪದ ಅವೆರಡನ್ನೂ ಹೇಗೆ ಒಳಗೊಂಡಿದೆಯೆಂದು ತೋರಿಸಿದರೆ ವಿದ್ಯಾರ್ಥಿಗೆ ಸುಲಭವಾಗಿ ಮನದಟ್ಟಾಗುತ್ತದೆ.

5. ಇಂದಿನ ಬಳಕೆ ಮತ್ತು ಅಧ್ಯಾಪಕರ ಕರ್ತವ್ಯ

ಒಂಬತ್ತು ಪದಗಳಲ್ಲಿ ‘ವೇರ್’, ‘ದೇರ್’, ‘ಹಿಯರ್’ ಎಂಬ ಮೂರು ಮಾತ್ರ ಇಂದಿನ ಆಡುಮಾತಿನಲ್ಲಿ ಸಂಪೂರ್ಣ ಜೀವಂತ. ‘ಹೆನ್ಸ್’ ಹೇತ್ವರ್ಥದಲ್ಲಿಯೂ, ‘ಇಷ್ಟು ವರ್ಷಗಳ ಅನಂತರ’ ಎಂಬ ಕಾಲಾರ್ಥದಲ್ಲಿಯೂ ಬರೆಹದಲ್ಲಿ ಉಳಿದಿದೆ. ‘ದೆನ್ಸ್’ ಎಂಬುದು ಜಮೀನಿನ ಎಲ್ಲೆಗಳನ್ನು ವಿವರಿಸುವ ಪತ್ರಗಳಲ್ಲಿ, ‘ಅಲ್ಲಿಂದ ಉತ್ತರಕ್ಕೆ ಇಷ್ಟು ಅಡಿ’ ಎಂಬ ಬಗೆಯ ವಾಕ್ಯಗಳಲ್ಲಿ, ಇನ್ನೂ ದುಡಿಯುತ್ತಿದೆ. ‘ವೆನ್ಸ್’ ಗಣಿತದಲ್ಲಿಯೂ ಗಂಭೀರ ಗದ್ಯದಲ್ಲಿಯೂ ಅಪರೂಪವಾಗಿ ಕಾಣುತ್ತದೆ. ‘ವಿದರ್’, ‘ದಿದರ್’, ‘ಹಿದರ್’ ಎಂಬುವು ಹಳೆಯ ಗ್ರಂಥಗಳ ಓದಿಗೆ ಬೇಕಾದುವು. ಹೊಸದಾಗಿ ಬರೆಯುವವರಿಗೆ ಬೇಡ.

ಹೀಗಿರಲಾಗಿ ನಮ್ಮ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳುವುದಾದರೆ: ‘ವೆನ್ಸ್’ ಪದವನ್ನು ‘ಯಾವಾಗ’ ಎಂಬರ್ಥದಲ್ಲಿಯೋ ಬರಿಯ ‘ಎಲ್ಲಿ’ ಎಂಬರ್ಥದಲ್ಲಿಯೋ ಬಳಸಿದರೆ ಅದು ಅರ್ಥದೋಷ, ಅಂಕವನ್ನು ಕಳೆಯುವುದು ನ್ಯಾಯ. ಪ್ರಶ್ನಾರ್ಥಕವನ್ನು ಸಂಬಂಧಾರ್ಥಕವೆಂದು ಭಾಷಾಂತರಿಸಿದರೆ ಅದೂ ಅರ್ಥದೋಷವೇ. ಆದರೆ ‘ಫ್ರಮ್ ವೆನ್ಸ್’ ಎಂಬುದು ಅರ್ಥದೋಷವಲ್ಲ. ಹೆಚ್ಚೆಂದರೆ ಶೈಲಿಯ ವಿಷಯ. ಸ್ವಂತ ಬರೆಹದಲ್ಲಿ ‘ಫ್ರಮ್’ ಇಲ್ಲದ ರೂಪವೇ ಮೇಲೆಂದು ಅಂಚಿನಲ್ಲಿ ಸೂಚಿಸಿದರೆ ಸಾಕು. ನಿತ್ಯದ ಮಾತಿನಲ್ಲಿಯೂ ಪತ್ರವ್ಯವಹಾರದಲ್ಲಿಯೂ ಈ ಪದವನ್ನೇ ಬಿಟ್ಟು, ‘ಫ್ರಮ್’ ಸಹಿತವಾದ ‘ವೇರ್’ ಪದವನ್ನು ಬಳಸುವಂತೆ ಹೇಳಿಕೊಡುವುದು ಅದಕ್ಕಿಂತಲೂ ಮೇಲು.

ಆ ವಿದ್ಯಾರ್ಥಿ ಇಂದು ಮತ್ತೆ ಬಂದು ಕೇಳಿದರೆ ನಾವು ಹೀಗೆ ಹೇಳುತ್ತಿದ್ದೆವು: “ನೀನು ಬರೆದುದು ತಪ್ಪಲ್ಲ, ಅದಕ್ಕೆ ಹಿರಿಯರ ಆಧಾರವಿದೆ. ಆದರೆ ಆ ಪದದೊಳಗೆ ‘ಇಂದ’ ಆಗಲೇ ಇದೆಯೆಂಬುದು ನಿನಗೆ ತಿಳಿದಿರಲಿಲ್ಲ. ಈಗ ತಿಳಿಯಿತಷ್ಟೆ, ಇನ್ನು ಮೇಲೆ ‘ಫ್ರಮ್’ ಹಾಕುವುದೂ ಬಿಡುವುದೂ ನಿನ್ನ ವಿವೇಕಕ್ಕೆ ಸೇರಿದ್ದು.” ಕೆಂಪು ಶಾಯಿಯ ಗೆರೆ ಅವನಿಗೆ ಕಲಿಸಬೇಕಾಗಿದ್ದುದೂ ಇಷ್ಟನ್ನೇ.